ಇಪ್ಪತ್ತಮೂರು ಮುಯ್ಯಾಳು

ಮೀನಾಕ್ಷಮ್ಮ ತನ್ನ ಇಪ್ಪತ್ತೆರಡು ಗುಂಟೆ ಗದ್ದೆಗೆ ಆ ವರ್ಷ ಎರಡು ಸಲ ಭತ್ತದ ಸಸಿಗೆ ಒಟ್ಲು ಹಾಕಿದಳು, ಎರಡು ಸಲವೂ ಪೈರು ಒಣಗಿತು. ಮೊದಲ ಸಲ, ನಾಲೆಗೆ ನೀರು ಬಿಡುತ್ತೇವೆ ಅಂದ ದಿನ ಬಿಡಲಿಲ್ಲ. ಎರಡನೆಯ ಸಲ ಬಿಟ್ಟರು. ಆದರೆ ಕೋಡಿಕೊಪ್ಪಲು ನಾಲೆಯ ತೀರಾ ಕೊನೆಯ ಊರು. ನೀರು ಬೆಳಕವಾಡಿ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ತೂಬಿನ ಬಾಯಿ ಒದ್ದೆಯಾಗುವಷ್ಟು ಉಳಿದಿತ್ತು. ಸೊಸೆ ಭಾಗ್ಯಲಕ್ಷ್ಮಿ ಬೀದಿ ನಲ್ಲಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಪೈರಿನ ಮಡಿಗೆ ಚಿಮುಕಿಸಿದಳು. ಒಂಬತ್ತು ದಿನ ಹೊತ್ತಳು. ಹತ್ತನೆಯ ದಿನ ಪೈರಿನ ತುದಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

ಆ ಒಣಗಿದ ಮಡಿಯ ಪಕ್ಕದಲ್ಲೇ ಹಳದಿ ಬಣ್ಣ ಬಳಿದ ಕಲ್ಲು ನೆಟ್ಟಿದ್ದರು. ಗ್ಯಾಸಿನ ಪೈಪು ಹೋಗುವ ದಾರಿ ಅದು.

"ಪೈಪು ನೆಲದ ಒಳಗೆ ಇರುತ್ತೆ ಅಮ್ಮಾ. ನೆಲ ನಿಮ್ಮದೇ, ಪಹಣಿಯೂ ನಿಮ್ಮ ಹೆಸರಲ್ಲೇ," ಎಂದು ಕಂಪನಿಯವನು ನಗುನಗುತ್ತ ಹೇಳಿಹೋಗಿದ್ದ. ಅವನು ಕೊಟ್ಟ ನೋಟೀಸಿನ ಎರಡನೆಯ ಹಾಳೆಯನ್ನು ಭಾಗ್ಯ ಓದಿದಳು. ಪೈಪಿನ ಪಟ್ಟಿಯ ಮೇಲೆ ಮರ ನೆಡುವಂತಿಲ್ಲ, ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ. ಪಟ್ಟಿ ಹಾದುಹೋಗುವುದು ಗದ್ದೆಯ ನಟ್ಟನಡುವೆ, ಈ ತುದಿಯಿಂದ ಆ ತುದಿಗೆ. ಉಳಿಯುವುದು ಎರಡು ಅಂಚು. ಮಾವ ಹುಚ್ಚೀರಯ್ಯ ಹದಿನಾರು ವರ್ಷ ತಾಲ್ಲೂಕು ಆಫೀಸಿಗೆ ಅಲೆದು ಸರ್ಕಾರದಿಂದ ಪಡೆದ ದರಖಾಸ್ತು ಜಮೀನು ಅದು. ಪಹಣಿಯಲ್ಲಿ ಹೆಸರು ಬಂದ ವರ್ಷವೇ ಅವನು ತೀರಿಕೊಂಡಿದ್ದ.

ಭಾಗ್ಯ ಮಳವಳ್ಳಿಯಲ್ಲಿ ಬಿ.ಎ. ಓದಿದವಳು, ಊರಿನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಳು. ಒಂದು ಮಾತು ಆಡುವ ಮುಂಚೆ ಎರಡು ಸಲ ಯೋಚಿಸುವವಳು. ಚಿಲಕ ಹಾಕಿ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಎಳೆದು ನೋಡುವವಳು. ಗಂಡ ಶಿವು ಶಿವನಸಮುದ್ರದ ಬ್ಲಫಿನ ಕರೆಂಟು ಮನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದ. ಅವನು ವಾರಕ್ಕೊಮ್ಮೆ ಮನೆಗೆ ಬಂದಾಗಲೆಲ್ಲ, "ಎದುರು ಆಕ್ಕೋಬ್ಯಾಡ ಕಣೆ," ಎನ್ನುತ್ತಿದ್ದ. ಅವಳೇನೂ ಎದುರು ಹಾಕಿಕೊಳ್ಳಲಿಲ್ಲ. ಒಂದು ಅರ್ಜಿ ಬರೆದು ಸರ್ವೆ ಪಟ್ಟಿಯ ನಕಲು ಕೇಳಿದಳು, ಅಷ್ಟೆ.

ನಕಲು ಬಂದಾಗ ಅವಳು ಅದನ್ನು ಎರಡು ಸಲ ಓದಿದಳು. ಪೈಪಿನ ಕಲ್ಲುಗಳು ಮೊದಲು ಬಿದ್ದಿದ್ದು ಪಕ್ಕದ ಮೂರು ಎಕರೆಗೆ. ಅದು ಪಂಚಾಯಿತಿಯ ಮಾಜಿ ಅಧ್ಯಕ್ಷ ನಾಗರಾಜುವಿನದು. ಶಿವನಸಮುದ್ರ ನೋಡಲು ಬರುವವರಿಗೆ ರೆಸಾರ್ಟ್ ಕಟ್ಟುತ್ತೇನೆಂದು ಆರು ವರ್ಷದಿಂದ ಅವನು ಅದನ್ನು ಪಾಳು ಬಿಟ್ಟಿದ್ದ. ಕಂಪನಿಗೆ ಜೆಸಿಬಿ ಬಾಡಿಗೆ ಕೊಡುತ್ತಿದ್ದವನೂ ಅವನೇ. ಒಂದೇ ವಾರದಲ್ಲಿ ಕಲ್ಲುಗಳು ಅಲ್ಲಿಂದೆದ್ದು ಮೀನಾಕ್ಷಮ್ಮನ ಗದ್ದೆಗೆ ಇಳಿದಿದ್ದವು. ಹೇಗೆ ಅನ್ನುವುದು ಪಟ್ಟಿಯಲ್ಲಿತ್ತು. ನಾಗರಾಜು, ಮೂರು ಎಕರೆ: ಭತ್ತ, ನಿಂತ ಬೆಳೆ. ಹುಚ್ಚೀರಯ್ಯ, ಇಪ್ಪತ್ತೆರಡು ಗುಂಟೆ: ಪಾಳು. ಕೆಳಗೆ ಷರಾ: ನಿಂತ ಬೆಳೆ ಇರುವ ಕಡೆ ಕೊಯ್ಲು ಮುಗಿಯುವವರೆಗೆ ಕೆಲಸ ಮಾಡತಕ್ಕದ್ದಲ್ಲ, ಪಾಳು ಭೂಮಿಯ ಮೂಲಕ ಮಾರ್ಗ ಒಯ್ಯತಕ್ಕದ್ದು. ಬೇಸಿಗೆಯಲ್ಲಿ, ನಾಲೆಗೆ ನೀರು ನಿಲ್ಲಿಸಿದ್ದಾಗ ಬಂದು ಅವರು ಮೀನಾಕ್ಷಮ್ಮನ ಗದ್ದೆಯ ಫೋಟೋ ತೆಗೆದುಕೊಂಡು ಹೋಗಿದ್ದರು.

ಗುರುವಾರ ಮಧ್ಯಾಹ್ನ ಸ್ಥಳ ಮಹಜರು. ಅವತ್ತು 'ಪಾಳು' ಎಂದು ಬರೆದು ಸಹಿ ಬಿದ್ದರೆ, ಮಾರನೆಯ ದಿನ ಜೆಸಿಬಿ ಇಳಿಯುತ್ತದೆ.

ಮಂಗಳವಾರ ಹೆಂಗಸರ ಸಂಘದಲ್ಲಿ ಭಾಗ್ಯ ಇದನ್ನೆಲ್ಲ ಓದಿ ಹೇಳಿದಳು. ಪಕ್ಕದ ಬೀದಿಯ ಕುಸುಮ ಕೇಳಿದಳು: "ಅಲ್ಲ ಅಕ್ಕ, ಈ ಗ್ಯಾಸು ಒಗೆ ಬರಾಕಿಲ್ವಂತಲ್ಲ? ಪರಿಸರಕ್ಕೆ ಒಳ್ಳೇದಂತೆ. ನಾಗರಾಜಣ್ಣನ ಗೋಡೆ ಮ್ಯಾಲೆ ದೊಡ್ಡ ಅಸ್ರು ಎಲೆ ಬರ್ಸವ್ರೆ."

"ಹೊಗೆ ಕಣ್ಣಿಗೆ ಕಾಣೋದು ಕಮ್ಮಿ ಕಣೆ. ಉರಿದ ಮೇಲೆ ಬಿಸಿ ಕಟ್ಟೋದು ಇದೇ ಆಕಾಶಕ್ಕೇ. ಪೈಪು ಹಾಕೋದು ಒಂದು ವರ್ಷಕ್ಕಲ್ಲ, ಮೂವತ್ತು ನಲವತ್ತು ವರ್ಷ ಉರಿಸೋಕೆ. ಅಷ್ಟು ವರ್ಷವೂ ಮಳೆ ಹಿಂಗೇ ದಿಕ್ಕುದೆಸೆ ಇಲ್ಲದೆ ಬರ್ತದೆ."

ಮೂಲೆಯಲ್ಲಿ ಎಲೆಅಡಿಕೆ ಅಗಿಯುತ್ತಿದ್ದ ಚಿಕ್ಕಬೋರಮ್ಮ ಬಾಯಿ ತೆರೆದಳು. "ಕಾಲ ಕೆಟ್ಟೋಯ್ತು, ಕಾಲ ಕೆಟ್ಟೋಯ್ತು ಅಂತ ನಾವು ಬಡ್ಕಂತೀವಿ. ಕಾಲ ಏನು ತಾನಾಗೇ ಕೆಟ್ಟದಾ? ಕೆಡ್ಸವ್ರೆ ಕಣ್ರೇ. ಕುರ್ಚಿ ಮ್ಯಾಲೆ ಕುಂತ್ಕಂಡು ಕೆಡ್ಸವ್ರೆ."

ಚಿಕ್ಕಬೋರಮ್ಮ ಮೇಲಿನ ಬೀದಿಯವಳು, ನಾಗರಾಜುವಿಗೆ ಸ್ವಂತ ದೊಡ್ಡವ್ವ. ಮಕ್ಕಳು ಭಾಗ ಮಾಡಿಕೊಂಡಾಗ ಅವಳಿಗೂ ಗಂಡ ಜವರಯ್ಯನಿಗೂ ಹನ್ನೆರಡು ಗುಂಟೆ ಬಂದಿತ್ತು. ಆ ವರ್ಷ ಮಕ್ಕಳ ದಾಕ್ಷಿಣ್ಯಕ್ಕೆ ಮೇಲಿನ ಬೀದಿಯವರೊಬ್ಬರೂ ಅವಳ ಗದ್ದೆಯ ನಾಟಿಗೆ ಬರಲಿಲ್ಲ. ಕರೆಯದೆ ಬಂದವಳು ಕೆಳಗಿನ ಬೀದಿಯ ಮೀನಾಕ್ಷಮ್ಮ. ಅಂದಿನಿಂದ ಅವರಿಬ್ಬರಿಗೂ ಮುಯ್ಯಿ ನಡೆಯುತ್ತಿತ್ತು. ಒಂದು ದಿನ ನಿನ್ನ ಗದ್ದೆಗೆ ನಾನು, ಒಂದು ದಿನ ನನ್ನ ಗದ್ದೆಗೆ ನೀನು, ಕೂಲಿಯ ಮಾತಿಲ್ಲ. ಮೇಲಿನ ಬೀದಿ ಎರಡು ವರ್ಷ ಗೊಣಗಿ ಸುಮ್ಮನಾಗಿತ್ತು.

ಬುಧವಾರ ಮಳೆ ಬಂತು. ಬಂತು ಅನ್ನುವುದಕ್ಕಿಂತ ಯಾರೋ ಮೇಲಿಂದ ಸುರಿದರು ಅನ್ನಬೇಕು. ಎರಡು ತಿಂಗಳಲ್ಲಿ ಬರಬೇಕಾದದ್ದು ಐದು ಗಂಟೆಯಲ್ಲಿ ಬಂದು ಮುಗಿಯಿತು. ಗದ್ದೆಬಯಲು ಒಂದೇ ಹಾಳೆಯ ಹಾಗೆ ನೀರಾಗಿ ನಿಂತಿತು. ಇನ್ನೂ ಹನಿ ಬೀಳುತ್ತಿರುವಾಗಲೇ ಚಿಕ್ಕಬೋರಮ್ಮ ತಲೆಗೆ ಗೊಬ್ಬರದ ಚೀಲ ಹೊದ್ದು ಬಾಗಿಲಿಗೆ ಬಂದಳು.

"ಮೀನಾಕ್ಸೀ, ನೀರು ನಿಂತದೆ ಕಣೆ. ನಮ್ ಯಜಮಾನ್ರು ಟಿಲ್ಲರು ಇಳ್ಸವ್ರೆ. ನಾಳೆ ವತ್ತಾರೆ ನಾಟಿ."

"ಪೈರೆಲ್ಲಿ ತರಾದು ಬೋರಕ್ಕ? ಎರಡು ಒಟ್ಲೂ ಸುಟ್ಟೋದೊ."

"ಬೋರ್‌ವೆಲ್ಲಿನೋರೆಲ್ಲ ನಾಟಿ ಮುಗ್ಸವ್ರಲ್ಲ, ಮಿಕ್ಕಿದ್ದೆಲ್ಲಿಗೋಯ್ತು?"

ನಾಟಿ ಮುಗಿದ ಮೇಲೆ ಮಿಕ್ಕ ಪೈರಿನ ಕಟ್ಟನ್ನು ಬದುವಿನ ಮೇಲೆ ಇಟ್ಟು ಹೋಗುವುದು ಆ ಕಡೆಯ ರೂಢಿ. ಅದನ್ನು ಯಾರೂ ಮಾರುವುದಿಲ್ಲ, ಒಯ್ದವರನ್ನು ಯಾರೂ ಕೇಳುವುದಿಲ್ಲ. ಅಂದು ಸಂಜೆಯೊಳಗೆ ಸಂಘದ ಹೆಂಗಸರು ಊರ ಸುತ್ತಿನ ಬದುಗಳನ್ನೆಲ್ಲ ಗುಡಿಸಿ ತಂದರು. ಮೀನಾಕ್ಷಮ್ಮನ ಅಂಗಳದಲ್ಲಿ ಪೈರಿನ ಗುಡ್ಡೆ ಬಿತ್ತು.

ಗುರುವಾರ ಬೆಳಿಗ್ಗೆ ಆರಕ್ಕೆ ಇಪ್ಪತ್ತಮೂರು ಮುಯ್ಯಾಳು ಸೀರೆ ಎತ್ತಿಕಟ್ಟಿ ಗದ್ದೆಗೆ ಇಳಿದರು. ಚಿಕ್ಕಬೋರಮ್ಮನೊಬ್ಬಳನ್ನು ಬಿಟ್ಟರೆ ಎಲ್ಲರೂ ಕೆಳಗಿನ ಬೀದಿಗಳವರು. ಕೆಸರು ತಣ್ಣಗಿತ್ತು. ಮೊದಲ ಹೆಜ್ಜೆಗೇ ಕುಸುಮ ಕಾಲು ಜಾರಿ ಕುಂಡಿ ಊರಿ ಕುಳಿತಳು. ಅಲ್ಲಿಗೆ ನಗು ಶುರುವಾಯಿತು, ಮತ್ತೆ ನಿಲ್ಲಲಿಲ್ಲ.

"ಏಳೇ ಮಾರಾಯ್ತಿ, ಅಲ್ಲೇ ಬೇರು ಬುಟ್ಯಾ?"

"ಈ ಕಟ್ಟು ಜಯ ಭತ್ತ, ಇದು ಜ್ಯೋತಿ. ಇದು ಯಾವುದು? ಐಆರ್ ಅರವತ್ನಾಕಾ?"

"ಇದು ರಾಜಮುಡಿ ಕಣೆ, ಸಾಹುಕಾರನ ಮನೇದು. ವಸಿ ಮರ್ಯಾದೆಯಿಂದ ನೆಡು."

"ಇದೇನು ಗದ್ದೆಯೋ ಆಸ್ಟೆಲ್ಲೋ? ಎಲ್ಲಾ ಜಾತಿನೂ ಒಂದೇ ಕ್ವಾಣೇಲವೆ."

"ಒಂದೊಂದು ಒಂದೊಂದ್ ದಿನ ಕುಯ್ಲಿಗೆ ಬತ್ತವೆ ಅಷ್ಟೆ."

"ಬರ್ಲಿ ಬುಡು! ಕುಯ್ಲು ಮುಗಿಯೋಗಂಟ ಪೈಪು ಆಕಂಗಿಲ್ಲ ಅಂತ ಅವ್ರೇ ಬರ್ದವ್ರೆ. ಮುಗೀದೇ ಇರ್ಲಿ!"

ನಗು ಬಂದು ಮೀನಾಕ್ಷಮ್ಮನ ಕೈಯಿಂದ ಪೈರು ಉದುರಿತು. ವಾರದಿಂದ ಅನ್ನ ಇಳಿಯದ ಅತ್ತೆಯ ಬಾಯಲ್ಲಿ ಅಂಥ ನಗು ಕೇಳಿ ಭಾಗ್ಯನಿಗೂ ಮನಸ್ಸು ಹಗುರಾಯಿತು. ಅವಳ ಕೆಲಸ ಕಟ್ಟು ಹಂಚುವುದು ಮತ್ತು ರಸ್ತೆ ಕಾಯುವುದು. ನಾಟಿ ಸಾಲು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿತ್ತು. ಬಗ್ಗಿದ ಇಪ್ಪತ್ತಮೂರು ಬೆನ್ನು, ಮುಂದೆ ಹಸಿರು, ಹಿಂದೆ ನೀರು. ನಾಟಿ ಹಾಕುವವರು ಹೋಗುವ ಕಡೆ ನೋಡುವುದಿಲ್ಲ, ನೆಟ್ಟದ್ದನ್ನು ನೋಡುತ್ತಾರೆ. ಬದು ಹಿಮ್ಮಡಿಗೆ ತಗುಲಿದಾಗ ನಿಲ್ಲುತ್ತಾರೆ.

ಅವತ್ತು ಬದು ತಗುಲಲಿಲ್ಲ.

ಹನ್ನೆರಡರ ಹೊತ್ತಿಗೆ ಕುಸುಮನ ಹಿಮ್ಮಡಿಗೆ ಏನೋ ಗಟ್ಟಿಯಾದದ್ದು ಬಡಿಯಿತು. ತಿರುಗಿ ನೋಡಿದರೆ ಕಬ್ಬಿಣದ ಕಂಬ. ಕಂಬದ ಮೇಲೆ ಬೋರ್ಡು: 'ಈ ಜಾಗ ನಾಗರಾಜು ಅವರ ಸ್ವಂತ ಆಸ್ತಿ. ಅತಿಕ್ರಮ ಪ್ರವೇಶ ನಿಷೇಧಿಸಿದೆ.'

"ಅಕ್ಕಾ... ಬದು ಎಲ್ಲಿಗೋಯ್ತು?"

ಬದು ಎಲ್ಲಿಗೂ ಹೋಗಿರಲಿಲ್ಲ. ಕಂಪನಿಯವರು ಹೋದ ತಿಂಗಳು ಲಾರಿ ಓಡಾಡಲೆಂದು ನಾಗರಾಜುವಿನ ಜೆಸಿಬಿಯಿಂದಲೇ ಅದನ್ನು ಕೆಡವಿ, ಅತ್ತಿತ್ತ ಎಲ್ಲ ತಿರುವಿ ಹಾಕಿದ್ದರು. ಅದರ ಮೇಲೆ ಮಳೆ ನೀರು. ಜವರಯ್ಯ ಟಿಲ್ಲರು ಹೊಡೆಯುವಾಗಲೂ ಗುರುತು ಸಿಗದೆ ಆಚೆ ಹೋಗಿ ತಿರುಗಿಸಿಕೊಂಡು ಬಂದಿದ್ದ. ಈಗ ಪೂರಾ ಇಪ್ಪತ್ತೆರಡು ಗುಂಟೆ ಮುಗಿದು, ನಾಗರಾಜುವಿನ ಪಾಳು ಜಮೀನಿನಲ್ಲಿ ಎಂಟು ಹತ್ತು ಗುಂಟೆ ಹಸಿರಾಗಿ ನಿಂತಿತ್ತು.

ನಗು ಅಲ್ಲೇ ತುಂಡಾಯಿತು. ಕೆಳಗಿನ ಬೀದಿಯ ಹೆಂಗಸರು ಕೂಲಿಗಲ್ಲದೆ ಎಂದೂ ಆ ಜಮೀನಿಗೆ ಕಾಲಿಟ್ಟವರಲ್ಲ. ಅವರ ಬೀದಿಯ ಮುದ್ದಯ್ಯನ ಮೇಕೆ ಒಮ್ಮೆ ನುಗ್ಗಿದ್ದಕ್ಕೆ ಮುದ್ದಯ್ಯನನ್ನೇ ಮೂರು ಗಂಟೆ ಬಿಸಿಲಲ್ಲಿ ನಿಲ್ಲಿಸಿದ್ದರು.

"ಕಿತ್ತಾಕಣ. ಬೇಗ ಬೇಗ ಕಿತ್ತಾಕಣ," ಎಂದಳು ಮೀನಾಕ್ಷಮ್ಮ. ಅವಳು ಆಗಲೇ ಬಗ್ಗಿದ್ದಳು.

"ಕೀಳ್ತೀಯಾ?" ಚಿಕ್ಕಬೋರಮ್ಮ ಸೊಂಟ ನೆಟ್ಟಗೆ ಮಾಡಿದಳು. "ನೆಟ್ಟ ಪೈರ ಯಾವಳಾರ ಕೀಳ್ತಾಳೇನೇ? ಮೊಲೆ ಕುಡಿಯೋ ಮಗೀನ ಎಳ್ದಾಕ್ದಂಗೆ. ಕೈಯಿಕ್ಕಿ ನೋಡು, ಕೈಯ ಮುರೀತೀನಿ."

ಯಾರೂ ಕೈಯಿಕ್ಕಲಿಲ್ಲ. ಭಯದ ನಡುವೆಯೇ ಎಲ್ಲೋ ಒಬ್ಬಳು ಕಿಸಕ್ಕನೆ ನಕ್ಕಳು. "ಸಾಹುಕಾರನ ಗದ್ದೆಗೆ ಪುಕ್ಸಟ್ಟೆ ನಾಟಿ ಆಕ್ಬುಟ್ಟೆವಲ್ರೇ." ಸೆರಗು ಬಾಯಿಗೆ ತುರುಕಿಕೊಂಡರೂ ನಗು ಸಾಲಿನುದ್ದಕ್ಕೂ ಹರಿಯಿತು. ಭಾಗ್ಯ ನಗಲಿಲ್ಲ. ರಸ್ತೆಯ ತಿರುವಿನಲ್ಲಿ ಅವಳಿಗೆ ಜೀಪು ಕಂಡಿತ್ತು.

ಜೀಪಿನಿಂದ ಮಹಜರಿಗೆ ಬಂದ ತಾಲ್ಲೂಕು ಆಫೀಸಿನ ಸಾಹೇಬರು ಇಳಿದರು. ಹಿಂದೆ ಹಳದಿ ಟೋಪಿಯ ಕಂಪನಿಯವನು, ಕಂಕುಳಲ್ಲಿ ಫೈಲಿಟ್ಟುಕೊಂಡ ಗ್ರಾಮಲೆಕ್ಕಿಗ ಸಿದ್ದೇಶ್. ಬುಲೆಟ್ಟಿನಲ್ಲಿ ನಾಗರಾಜು. ಜೀಪು ಬಂದ ಸದ್ದಿಗೆ ಮೇಲಿನ ಬೀದಿಯ ಕೆಲವರೂ ಬಂದು ರಸ್ತೆಯ ಅಂಚಿನಲ್ಲಿ ನಿಂತರು. ಮಹಜರಿನ ಹಾಳೆ ಮೊದಲೇ ಟೈಪಾಗಿತ್ತು. ಸಾಹೇಬರು ಹಾಳೆ ನೋಡಿದರು, ಗದ್ದೆ ನೋಡಿದರು, ಮತ್ತೆ ಹಾಳೆ ನೋಡಿದರು.

"ಸಿದ್ದೇಶ್, ಪಾಳು ಎಲ್ಲಿದೆ?"

ಸಿದ್ದೇಶ್ ಗದ್ದೆಯತ್ತ ಕೈ ತೋರಿದ. "ಇಲ್ಲೇ ಇತ್ತು ಸರ್."

"ಇದು ಇವತ್ತು ಹಾಕಿರೋ ನಾಟಿ! ನೀರು ಇನ್ನೂ ಕದಡಿದೆ!" ಎಂದು ಸಾಹೇಬರು ಹೆಂಗಸರ ಕಡೆ ತಿರುಗಿದರು.

ಮೀನಾಕ್ಷಮ್ಮ ಕೈಮುಗಿದೇ ಹೇಳಿದಳು: "ನಾಟಿ ಯಾವತ್ತಾರ ಒಂದಿನ ಆಕ್ಲೇಬೇಕಲ್ವಾ ಸ್ವಾಮಿ? ಓದ್ ವರ್ಸ ಆಕಿದ್ದ ಓದ್ ವರ್ಸ್ವೇ ಉಂಡ್ಬುಟ್ಟೊ."

ರಸ್ತೆಯ ಮೇಲಿದ್ದವರೂ ನಕ್ಕರು. ಸಾಹೇಬರ ಕಿವಿ ಕೆಂಪಾಯಿತು. ಅಷ್ಟರಲ್ಲಿ ನಾಗರಾಜುವಿನ ಕಣ್ಣು ಬೋರ್ಡಿನ ಕಂಬದ ಕಡೆ ಹೊರಳಿತು. ಕಂಬದ ಸುತ್ತ ಪೈರು ಗಾಳಿಗೆ ಓಲಾಡುತ್ತಿತ್ತು.

"ಯಾವಳೇ ನನ್ ಜಮೀನ್ಗೆ ಇಳಿದೋಳು?" ಅವನು ಕೂಗಿದ ರಭಸಕ್ಕೆ ಕೊಕ್ಕರೆಗಳು ಎದ್ದವು. "ನಾಟಿ ಆಕವ್ರೆ ನೋಡಿ ಸಾರ್! ಆರು ವರ್ಸದಿಂದ ಒಂದು ಕಾಳು ಬೆಳೀದೆ ಪಾಳು ಬುಟ್ಟಿದ್ದೀನಿ, ರೆಸಾರ್ಟ್ ಕಟ್ಟೋ ಜಾಗ ಇದು! ಕೇಸ್ ಆಕ್ಸಿ ಸಾರ್, ಎಲ್ರ ಮ್ಯಾಲೂ ಆಕ್ಸಿ!"

ಭಾಗ್ಯ ಪೈರಿನ ಕಟ್ಟನ್ನು ಕೆಳಗಿಟ್ಟಳು. ಆ ಮಾತು ಅವಳ ಮುಂದೆ ಬಿದ್ದಿತ್ತು, ಎತ್ತಿಕೊಳ್ಳುವುದಷ್ಟೆ ಬಾಕಿ. ಅವಳು ಎರಡು ಸಲ ಯೋಚಿಸಲಿಲ್ಲ.

"ಸರ್, ಅವರು ಹೇಳಿದ್ದನ್ನ ಬರ್ಕೊಳ್ಳಿ."

"ಯಾವುದನ್ನ?"

"ಆರು ವರ್ಷದಿಂದ ಪಾಳು ಅಂದ್ರಲ್ಲ, ಅದನ್ನ. ಅವರ ಮಾತಲ್ಲೇ." ಸೊಂಟಕ್ಕೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕವರಿನಿಂದ ಅವಳು ನಕಲು ತೆಗೆದಳು. "ನಿಮ್ಮ ಪಟ್ಟೀಲಿ ಈ ಮೂರು ಎಕರೆಗೆ 'ಭತ್ತ, ನಿಂತ ಬೆಳೆ' ಅಂತಿದೆ. ನಮ್ಮದಕ್ಕೆ ಪಾಳು ಅಂತಿದೆ. ಕಲ್ಲು ಆ ಕಡೆಯಿಂದ ಈ ಕಡೆಗೆ ಬಂದಿದ್ದು ಈ ಎರಡು ಮಾತಿನ ಮೇಲೆ."

ಸಿದ್ದೇಶನ ಪೆನ್ನು ಹಾಳೆಯ ಮೇಲೆ ನಿಂತಲ್ಲೇ ನಿಂತಿತು. ನಾಗರಾಜು ಸಾಹೇಬರ ಪಕ್ಕಕ್ಕೆ ಸರಿದ.

"ಅಲ್ಲ ಸಾರ್... ಪಾಳು ಅಂದ್ರೆ ಅಂಗಲ್ಲ. ಬೆಳೆ ಅದೆ. ನೋಡಿ ನೀವೇ, ಭತ್ತ ನಿಂತದಲ್ಲ!"

ಚಿಕ್ಕಬೋರಮ್ಮ ಕೆಸರಿನಲ್ಲಿ ಎರಡು ಹೆಜ್ಜೆ ಮುಂದೆ ಬಂದಳು. "ಲೇ ನಾಗ, ಬೆಳೆ ನಿಂದಾದ್ರೆ ನಮ್ ಕೂಲಿ ಮಡಗ್ಲಾ. ಇಪ್ಪತ್ಮೂರಾಳು."

"ದೊಡ್ಡವ್ವ, ನೀನು ಸುಮ್ಕಿರು. ಇವ್ರ ಜೊತೆ ಸೇರ್ಕಂಡು..."

"ಯಾಕ್ಲಾ ಸುಮ್ಕಿರ್ಲಿ? ಬೆಳೆ ಅಂದ್ರೆ ಕೂಲಿ ಕೊಡು. ಪಾಳು ಅಂದ್ರೆ ಬರ್ಸು. ಎರಡ್ರಾಗೆ ಒಂದ ಬೇಗ ಏಳು. ಒಟ್ಟೆ ಅಸೀತದೆ, ಉಣ್ಣಕ್ಕೋಗ್ಬೇಕು."

ಈ ಸಲ ನಗು ಬಾಂಬಿನಂತೆ ಸಿಡಿಯಿತು. ಕುಸುಮ ನಕ್ಕು ನಕ್ಕು ಮತ್ತೆ ಕೆಸರಿನಲ್ಲಿ ಕುಳಿತುಬಿಟ್ಟಳು. ಸಿದ್ದೇಶ್ ಫೈಲನ್ನು ಮುಖಕ್ಕೆ ಅಡ್ಡ ಹಿಡಿದ. ಫೈಲು ಅಲುಗಾಡುತ್ತಿತ್ತು.

ಸಾಹೇಬರು ನಾಗರಾಜುವನ್ನೂ ಕಂಪನಿಯವನನ್ನೂ ಜೀಪಿನ ಹಿಂದಕ್ಕೆ ಕರೆದುಕೊಂಡು ಹೋದರು. ಹತ್ತು ನಿಮಿಷ ಪಿಸುಪಿಸು. ಮರಳಿ ಬಂದಾಗ ಅವರ ಮುಖದಲ್ಲಿ ಸಕ್ಕರೆ ಇತ್ತು.

"ನೋಡಮ್ಮ, ನಾವೂ ಮನುಷ್ಯರೇ. ನಿಮ್ಮ ಗದ್ದೇಲಿ ಬೆಳೆ ಇದೆ, ಒಪ್ಪಿದೆ. ಅವರದ್ದರಲ್ಲೂ ಬೆಳೆ ಇದೆ. ಪಟ್ಟೀಲಿ ಏನಿದೆಯೋ ಅದನ್ನ ಕೆದಕೋದು ಬೇಡ. ಮಾರ್ಗವನ್ನ ಕೆಳಗಡೆಯಿಂದ, ಪಕ್ಕದೂರು ಪೂರಿಗಾಲಿ ದಿಕ್ಕಿಗೆ ತಿರುಗಿಸ್ತೀವಿ. ನಿಮ್ಮ ಇಪ್ಪತ್ತೆರಡು ಗುಂಟೆಗೆ ಯಾರೂ ಕಾಲಿಡಲ್ಲ. ಇಲ್ಲಿ ಒಂದು ಸಹಿ ಹಾಕಿ."

ಭಾಗ್ಯ ಹಾಳೆ ತೆಗೆದುಕೊಂಡಳು. 'ಮಾರ್ಗ ಬದಲಾವಣೆಗೆ ಗ್ರಾಮಸ್ಥರ ಸಂಪೂರ್ಣ ಒಪ್ಪಿಗೆ ಇರುತ್ತದೆ.' ನಾಲ್ಕು ತಿಂಗಳಿನಿಂದ ಅವಳು ಹಗಲೆಲ್ಲ ಹಂಬಲಿಸಿದ್ದು ಇದನ್ನೇ. ಗದ್ದೆ ಉಳಿಯುತ್ತದೆ. ಶಿವುಗೆ ಫೋನು ಮಾಡಿ ಹೇಳಬಹುದು. ಅತ್ತೆಯ ಕಣ್ಣು ಆ ಹಾಳೆಯ ಮೇಲೆ ಅಂಟಿಕೊಂಡಿತ್ತು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು.

"ಕೆಳಗಡೆ ಯಾರ ಜಮೀನು ಸರ್?"

ಸಾಹೇಬರು ಸಹಿಯ ಜಾಗಕ್ಕೆ ಬೆರಳು ತೋರಿಸಿದರು. ಸಿದ್ದೇಶ್ ನೆಲ ನೋಡುತ್ತ ಹೇಳಿದ: "ಮಾದಯ್ಯಂದು. ದೊಡ್ಡಸಿದ್ದಯ್ಯಂದು. ಇನ್ನೊಂದು ಏಳೆಂಟು ಜನದ್ದು."

"ಅವರದ್ದು ಪಾಳಾ?"

"ಪಟ್ಟೀಲಿ... ಹಂಗೇ ಇದೆ ಅಕ್ಕ."

ಭಾಗ್ಯ ತಿರುಗಿ ಅತ್ತೆಯ ಮುಖ ನೋಡಿದಳು. ಮೀನಾಕ್ಷಮ್ಮ ನೆಟ್ಟ ಪೈರನ್ನು ಒಮ್ಮೆ ನೋಡಿದಳು. ಕೆಸರು ಮೆತ್ತಿದ ಕೈಯನ್ನು ಸೊಂಟಕ್ಕೆ ಒರೆಸಿಕೊಂಡಳು.

"ನನ್ ಮೊಕ ಏನ್ ನೋಡೀಯೆ? ಓದಿರೋಳು ನೀನು. ನಮ್ ಮನೆ ಆವ ಇಡ್ಕಂಡೋಗಿ ಅವ್ರ ಮನೆಗೆ ಬುಡಕ್ಕಾಯ್ತದಾ? ಬ್ಯಾಡ ಅಂತ ಬರ್ದಾಕು."

ಭಾಗ್ಯ 'ಸಂಪೂರ್ಣ ಒಪ್ಪಿಗೆ ಇರುತ್ತದೆ' ಎಂಬುದರ ಮೇಲೆ ಗೆರೆ ಎಳೆದಳು. ಅದರ ಕೆಳಗೆ ನಿಧಾನವಾಗಿ, ಒಂದೊಂದು ಅಕ್ಷರವೂ ಕಾಣುವಂತೆ ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿದಳು. "ಈ ಪೈಪು ನಮ್ಮ ಗದ್ದೆಯಿಂದ ಎದ್ದು ಅವರ ಗದ್ದೆಗೆ ಹೋಗುವುದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಯಾರ ಗದ್ದೆಗೂ ಒಪ್ಪಿಗೆ ಇಲ್ಲ. ಪೈಪಿಗೇ ಒಪ್ಪಿಗೆ ಇಲ್ಲ."

ಸಾಹೇಬರು ಹಾಳೆ ಕಿತ್ತುಕೊಂಡರು. "ಉಳಿಸಿಕೊಡ್ತೀನಿ ಅಂದ್ರೂ ಬೇಡ ಅಂತೀರಲ್ಲ! ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತ ಬರೀತೀನಿ. ನಾಳಿದ್ದು ಪೊಲೀಸಿನವರ ಜೊತೇಲಿ ಬರ್ತೀನಿ. ಆಗ ಅಳಬೇಡಿ."

"ಬನ್ನಿ ಸ್ವಾಮಿ," ಎಂದಳು ಚಿಕ್ಕಬೋರಮ್ಮ. "ಬರೋವಾಗ ಚಡ್ಡಿ ಆಕ್ಕಂಡ್ ಬನ್ನಿ. ಪ್ಯಾಂಟು ಎಲ್ಲಾ ಕೆಸರಾಯ್ತದೆ."

ಜೀಪು ಹಿಂದಕ್ಕೆ ತಿರುಗಿಸಲು ಹೋಗಿ, ಬದು ಕೆಡವಿದ ಜಾಗದಲ್ಲೇ ಗಾಲಿ ಹೂತುಕೊಂಡಿತು. ಡ್ರೈವರು ಎಷ್ಟು ಒತ್ತಿದರೂ ಅದು ಇನ್ನಷ್ಟು ಕುಸಿದು ಕೆಸರು ಉಗುಳಿತು. ಒಂದು ಗಳಿಗೆ ಸಾಹೇಬರು ಒಳಗೇ ಕುಳಿತಿದ್ದರು. ಆ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಯಾರನ್ನೂ ನೋಡದೆ, "ಸ್ವಲ್ಪ ತಳ್ಳಿ," ಎಂದರು.

"ಬನ್ರೇ!" ಮೀನಾಕ್ಷಮ್ಮನೇ ಮೊದಲು ಓಡಿದಳು. "ಓಗೋ ದಿಕ್ಕಿಗೆ ಎಷ್ಟು ಬೇಕಾರ ತಳ್ತೀವಿ ಸ್ವಾಮಿ!"

ಇಪ್ಪತ್ತಮೂರು ಜನ ಜೀಪಿಗೆ ಹೆಗಲು ಕೊಟ್ಟರು. ಒಂದು, ಎರಡು, ಮೂರು! ಭಾಗ್ಯಳೂ ತಳ್ಳಿದಳು. ಕೆಸರು ಹಾರಿ ಅವಳ ಕಣ್ಣು, ಮೂಗು, ಬಾಯಿಗೆಲ್ಲ ಬಿತ್ತು. ಉಗುಳುತ್ತ ನಕ್ಕಳು, ನಗುತ್ತ ತಳ್ಳಿದಳು. ಹೊಟ್ಟೆ ನೋಯುವಷ್ಟು ನಕ್ಕು ಎಷ್ಟು ವರ್ಷವಾಯಿತೋ ಅವಳಿಗೇ ನೆನಪಿರಲಿಲ್ಲ. ಜೀಪು ರಸ್ತೆಗೆ ಹತ್ತಿ ಹಿಂತಿರುಗಿ ನೋಡದೆ ಓಡಿತು. ಅದರ ಹಿಂದೆ ನಾಗರಾಜುವಿನ ಬುಲೆಟ್ಟೂ ಹೋಯಿತು.

ನಾಳಿದ್ದು ಪೊಲೀಸರು ಬರುತ್ತಾರೆ ಎಂಬುದು ಭಾಗ್ಯನಿಗೆ ಗೊತ್ತಿತ್ತು. ನಾಗರಾಜು ಬಿಡುವುದಿಲ್ಲ ಎಂಬುದೂ ಗೊತ್ತಿತ್ತು. ಪೂರಿಗಾಲಿ ದಿಕ್ಕಿನಲ್ಲಿ ಹಳದಿ ಕಲ್ಲು ಬೀಳುವುದಕ್ಕೆ ನಡುವೆ ಇರುವುದು ಒಂದೇ ದಿನ.

ಚಿಕ್ಕಬೋರಮ್ಮ ಆಗಲೇ ಕುಸುಮನ ಫೋನಿನಲ್ಲಿ ಕಿರುಚುತ್ತಿದ್ದಳು. "ಅಲೋ! ದೊಡ್ಡಸಿದ್ದಯ್ಯನ ಮನೆಯಾ? ನಾನು ಕಣೆ, ಕೋಡಿಕೊಪ್ಪಲು ಬೋರಮ್ಮ. ನಿಮ್ ಗದ್ದೇಲಿ ನೀರು ನಿಂತದಾ? ಪೈರದಾ? ಇಲ್ದಿದ್ರೆ ನಾವು ತತ್ತೀವಿ, ಇನ್ನೂ ಮಿಕ್ಕದೆ... ಯಾಕೆ ಅಂತ ಆಮ್ಯಾಕೆ ಏಳ್ತೀನಿ. ವತ್ತಾರೆ ಬತ್ತೀವಿ. ಇಪ್ಪತ್ಮೂರಾಳು. ವಸಿ ಮಜ್ಜಿಗೆ ಮಾಡಿಡ್ರೇ."

ರಸ್ತೆಯ ಅಂಚಿನಲ್ಲಿ ನಿಂತಿದ್ದ ಮೇಲಿನ ಬೀದಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ವರು ಚಪ್ಪಲಿ ಬಿಟ್ಟು ಕೆಸರಿಗೆ ಇಳಿದು ಬಂದರು. ಮುಂದಿದ್ದವಳು ಮೀನಾಕ್ಷಮ್ಮನ ಪಕ್ಕದಲ್ಲಿ ನಿಂತು, ಚಿಕ್ಕಬೋರಮ್ಮನ ಮೊಣಕೈ ತಟ್ಟಿದಳು.

"ತಪ್ಪು ಏಳ್ಬ್ಯಾಡ ಅತ್ತೆ. ಇಪ್ಪತ್ತೇಳು ಅನ್ನು."